ನಾನು ಇಳಿಯದ ಗಣಿ

ಇದನ್ನು ಹೇಳುವುದನ್ನು ಮುಂದೂಡುತ್ತಲೇ ಬಂದೆ—ಹಬ್ಬ ಕಳೆಯಲಿ, ಕೆಮ್ಮು ಕಡಿಮೆಯಾಗಲಿ ಎಂದು. ನಾನು ಚಿನ್ನದ ಗಣಿಯೊಳಗೆ ಒಂದು ದಿನವೂ ಕೆಲಸ ಮಾಡಿದವನಲ್ಲ. ಮಾಡಿದೆನೆಂದು ಸುಳ್ಳು ಹೇಳಿದೆ. ಆ ಸುಳ್ಳನ್ನು ಒಬ್ಬ ಹೆಣ್ಣುಮಗಳ ತಲೆಗೆ ಕಟ್ಟಿದೆ.

ಕೋಲಾರದ ಚಿನ್ನದ ಗಣಿಗಳಲ್ಲೊಂದಾದ ಚಾಂಪಿಯನ್ ರೀಫ್ಸ್‌ನಲ್ಲಿ ನನ್ನದು ಮೇಲಿನ ಕೆಲಸ. ಜನರನ್ನು ಗಣಿಗೆ ಇಳಿಸುವ ಕೇಜಿನ ಯಂತ್ರ ನಡೆಸುತ್ತಿದ್ದೆ. ಟೀ ಅಂಗಡಿಯಲ್ಲಿ ಇಳಿಯುವವರು ರೇಗಿಸುತ್ತಿದ್ದರು: “ಏನ್ಲಾ, ನಮ್ಮನ್ನ ಪಾತಾಳಕ್ಕೆ ತಳ್ಳಿ ನೀನು ಮ್ಯಾಲೆ ಬಿಸ್ಲು ಕಾಯ್ತೀಯಾ?” ಗಣಿ ಕೆಲಸದವರ ನಮ್ಮ ಲೈನ್ ಮನೆಗಳಲ್ಲಿ ಇಳಿದವನ ಕೆಮ್ಮಿಗೂ ಒಂದು ಮರ್ಯಾದೆ, ಅವನು ಕೆಮ್ಮಿದರೆ ಬೆಂಚಿನಲ್ಲಿ ಜಾಗ ಬಿಡುತ್ತಿದ್ದರು. ಗಣಿ ಮುಚ್ಚಿ, ನನ್ನನ್ನು ಬಲ್ಲವರು ಒಬ್ಬೊಬ್ಬರಾಗಿ ಹೋದ ಮೇಲೆ, ಬೀಡಿಯಿಂದ ಬಂದ ನನ್ನ ಕೆಮ್ಮನ್ನು ಗಣಿಯ ಕೆಮ್ಮು ಎಂದೆ. ಮನೆಯ ಚಿಕ್ಕವರ ಎದುರೂ ಅದನ್ನೇ ಹೇಳುತ್ತಾ ಬಂದೆ.

ಹೆಂಡತಿಯ ತಂಗಿಯ ಮಗಳು, ಬೂದಿಕೋಟೆಯವಳು, ಜೀವಕೋಶಗಳ ಬಗ್ಗೆ ಓದಿದವಳು. ಜಗತ್ತಿನ ಸಂಶೋಧಕರು ನೋಡುವ ಒಂದು ಜಾಲತಾಣಕ್ಕೆ ಕೆಲಸ ಮಾಡುತ್ತಿದ್ದಳು—ಯಾವ ಜೀವಕೋಶ ಎಂಥವರ ಮೈಯಿಂದ ಬಂತು, ಅವರು ಹೇಗೆ ಬದುಕಿದ್ದರು ಎಂದು ವಿಚಾರಿಸಿ, ಪರಿಶೀಲಿಸಿ ಅಲ್ಲಿ ಸೇರಿಸುವುದು ಅವಳ ಕೆಲಸ. ಕೆಮ್ಮಿಗೆಂದು ಆಸ್ಪತ್ರೆಗೆ ಹೋದಾಗ ನನ್ನ ಒಪ್ಪಿಗೆ ಪಡೆದು, ಸಂಶೋಧನೆಗೆಂದು ಶ್ವಾಸಕೋಶದಿಂದ ಜೀವಕೋಶ ತೆಗೆದಿದ್ದರು; ಅದರ ವಿವರ ಸೇರಿಸುವುದು ಅವಳ ಪಾಲಿಗೆ ಬಂತು.

“ದೊಡ್ಡಪ್ಪ, ನೀನು ಒಳಗಡೆ ಇಳೀತಿದ್ದೆ ತಾನೆ?” ಎಂದು ಕೇಳಿದಳು. ಮೊಮ್ಮಗಳು ಪಕ್ಕದಲ್ಲೇ ಕೂತಿದ್ದಳು.

“ಇಳೀದೆ ಇನ್ನೇನಮ್ಮ, ಧೂಳು ತಿಂದೇ ಬದ್ಕಿರೋದು” ಎಂದೆ.

ಬೇರೆಯವರಾಗಿದ್ದರೆ ಇನ್ನೊಬ್ಬರನ್ನು ವಿಚಾರಿಸುತ್ತಿದ್ದಳು. ದೊಡ್ಡಪ್ಪನಲ್ಲವೇ—ನಂಬಿದಳು.

ಗಣಿಧೂಳು ಹೊಕ್ಕ ಜೀವಕೋಶ ಎಂದು ಅದು ಜಾಲತಾಣಕ್ಕೆ ಹೋಯಿತು. ಅದನ್ನು ನಂಬಿ ಕೆಲಸ ಮಾಡಿದವರಿಗೆ ಧೂಳಿನ ಸುಳಿವೇ ಸಿಗಲಿಲ್ಲವಂತೆ. ಅವಳ ಮೇಲಧಿಕಾರಿ, ಅವಳನ್ನೂ ಕರೆದುಕೊಂಡು, ಬಂಗಾರಪೇಟೆಯಲ್ಲಿ ರೈಲಿಳಿದು ನಮ್ಮ ಮನೆಗೆ ಬಂದರು. ನಾನು ಗಣಿಗೆ ಇಳಿದಿದ್ದೆನೇ ಎಂದು ಮೆತ್ತಗೆ ಕೇಳಿದರು. ಆಗ ಗಣಿಯ ವಿಷಯದಲ್ಲಿ ನಿಜ ಹೇಳಿದೆ—ಹೇಳಿದ ರೀತಿಯಲ್ಲಿ ದ್ರೋಹ ಮಾಡಿದೆ.

“ನಾನು ಮ್ಯಾಲಿನ ಕೆಲ್ಸದೋನು ಅಂತಾನೇ ಏಳಿದ್ದೆ ಸಾರ್. ಈ ಉಡ್ಗೀನೇ ಏನೋ ಸೇರ್ಸಿ ಬರ್ದವಳೆ.”

ಅವಳು ನನ್ನನ್ನು ನೋಡಿದಳು. ಹೊರಗಿನವರ ಎದುರು ದೊಡ್ಡಪ್ಪನನ್ನು ಸುಳ್ಳುಗಾರ ಎನ್ನುವವಳಲ್ಲ ಅವಳು—ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ. “ಆಯ್ತು ದೊಡ್ಡಪ್ಪ” ಎಂದಳು. ಕುಡಿಯದ ಕಾಫಿ ಲೋಟ ಕೆಳಗಿಟ್ಟು ಎದ್ದಳು.

ಆ ಕೆಲಸದಿಂದ ಅವಳನ್ನು ತೆಗೆದರು. ಮೊನ್ನೆ ಮೊಮ್ಮಗಳು ಜಾಲತಾಣದ ಆ ಪುಟ ತೆರೆದು ಓದಿದಳು: ತಪ್ಪು, ಮಾಹಿತಿ ಸೇರಿಸಿದವರದು ಎಂದಿದೆಯಂತೆ.

“ತಾತ, ಅತ್ತೆ ಕೇಳ್ದಾಗ ನಾನೂ ಇದ್ನಲ್ಲ. ಇಳೀತಿದ್ದೆ ಅಂದಿದ್ದೆ ನೀನು.”

ನಾನು ಕೆಮ್ಮಿದೆ. ಅವಳು ಕೆಮ್ಮು ನಿಲ್ಲುವವರೆಗೂ ಕಾದಳು.

ಈ ಬರಹವನ್ನು ಆ ಮೇಲಧಿಕಾರಿಗೆ ಕಳಿಸುತ್ತೇನೆ, ಮೊಮ್ಮಗಳ ಕೈಯಿಂದಲೇ. ತಂಗಿಯ ಮಗಳಿಗೆ ಕೆಲಸ ಮರಳಿ ಸಿಕ್ಕೀತೋ ಇಲ್ಲವೋ. ಅವಳ ಕ್ಷಮೆ ಕೇಳಲೆಂದು ಬೂದಿಕೋಟೆ ಬಸ್ಸಿನವರೆಗೂ ಹೋಗಿ ಹತ್ತದೆ ಮರಳಿದವನು ನಾನು. ಇಷ್ಟು ಬರೆದರೂ ಅವಳ ಹೆಸರು ಬರೆಯಲು ಕೈ ಬಂದಿರಲಿಲ್ಲ. ಈಗ ಬರೆಯುತ್ತೇನೆ—

ಸುಜಾತ.