ವರ್ಲಾ ದೊಡ್ಡಮ್ಮನ ‘ಚಿನ್ನ’

ನಮ್ಮ ಅಮ್ಮನ ಅಕ್ಕ ವರ್ಲಾ ದೊಡ್ಡಮ್ಮ ಇಪ್ಪತ್ತೆರಡು ವರ್ಷದಿಂದ ನಮ್ಮ ಕಾಲೇಜಿನ ಮೆಸ್‌ನ ಬಾಗಿಲಲ್ಲಿ ಕೂತಿದ್ದಾಳೆ. ವಿದ್ಯಾರ್ಥಿಗಳ ಕಾರ್ಡನ್ನು ಯಂತ್ರಕ್ಕೆ ತೋರಿಸುವುದು ಅವಳ ಕೆಲಸ. “ಹೋಗು ಚಿನ್ನ, ಸೂಪ್ ಬಿಸಿ ಇದೆ” ಅನ್ನುವುದು ಅವಳದೇ ಸೇರ್ಪಡೆ. ಫುಟ್‌ಬಾಲ್ ಆಡುವ ಆರಡಿ ಹುಡುಗರೂ ಚಿನ್ನ, ತತ್ವಶಾಸ್ತ್ರದ ಬೋಳುತಲೆಯ ಮೇಷ್ಟ್ರೂ ಚಿನ್ನ.

ಅವಳ ಗಂಡ ಮರ್ಲ್ ದೊಡ್ಡಪ್ಪ ಊರಿನ ರೇಡಿಯೊದಲ್ಲಿ ಬೆಳಗ್ಗೆ ಒಂದು ಗಂಟೆ ಮಾತಾಡುತ್ತಾನೆ. ವಾಷಿಂಗ್ಟನ್ನಿನಲ್ಲಿ ಶುರುವಾದ ಮಾತು ಜೋಳದ ಹೊಲಗಳನ್ನು ದಾಟಿ ಕಾಲೇಜಿನ ಗೇಟಿಗೆ ಬಂದು ನಿಲ್ಲುತ್ತದೆ. ಅವನು ಹೇಳುವುದೆಲ್ಲ ಸುಳ್ಳೆಂದು ನಾನು ಹೇಳಲಾರೆ. ಅವನ ಪಕ್ಷದ ಭಾಷಣಕಾರನೊಬ್ಬನನ್ನು ಕಾಲೇಜಿನವರು ಕರೆದು, ಎರಡು ದಿನ ಇರುವಾಗ ಬೇಡವೆಂದದ್ದು ನಿಜ. ತರಗತಿಯಲ್ಲಿ ಆ ಚರ್ಚೆ ಬಂದಾಗ ಅದು ತಪ್ಪೆಂದು ನನಗೆ ಅನಿಸಿತ್ತು. ನಾನು ಕೈ ಎತ್ತಲಿಲ್ಲ.

ಮಂಗಳವಾರಗಳಂದು ರಾತ್ರಿಯೂಟ ನನಗೆ ಅವರ ಮನೆಯಲ್ಲೇ. ಅಕ್ಟೋಬರಿನ ಒಂದು ಮಂಗಳವಾರ ಆಲೂಗಡ್ಡೆ ಬಡಿಸುತ್ತಾ ದೊಡ್ಡಮ್ಮ ಅಂದಳು, “ಇವತ್ತು ಒಬ್ಳು ಹುಡುಗಿ, ನನ್ನನ್ನ ಚಿನ್ನ ಅಂತ ಕರೀಬೇಡಿ ಅಂದ್ಲು.”

ದೊಡ್ಡಪ್ಪನ ಫೋರ್ಕು ನಿಂತಿತು. “ಯಾರವಳು?”

“ಹೊಸಬಳು. ಪಾಪ, ಅವಳು...”

“ಪಾಪ ಏನು ಬಂತು? ಚಿನ್ನ ಅಂದ್ರೂ ಗಾಯ ಆಗುತ್ತೆ ಇವರಿಗೆ. ನಾಳೆಯಿಂದ ಬ್ಯಾಂಡೇಜ್ ಇಟ್ಕೊಂಡು ಕೂತ್ಕೋ.”

ನಾನೂ ನಕ್ಕೆ. ಅವನು ಎದ್ದು ಬರೆದುಕೊಳ್ಳಲು ಕಾಗದ ಹುಡುಕತೊಡಗಿದ. ದೊಡ್ಡಮ್ಮ ಮಾತನ್ನು ಅಲ್ಲೇ ಬಿಟ್ಟು ಬೀನ್ಸಿನ ಬಟ್ಟಲನ್ನು ನನ್ನ ಕಡೆ ಸರಿಸಿದಳು.

ಬೆಳಗ್ಗೆ ರೇಡಿಯೊ ಹೇಳಿತು: “ಅಪ್ಪ ಅಮ್ಮ ಹೊಟ್ಟೆ ಬಟ್ಟೆ ಕಟ್ಟಿ ಓದಿಸ್ತಾರೆ. ಇವರು ಕಲಿಯೋದೇನು? ಪ್ರೀತಿಯಿಂದ ಕರೆದ್ರೂ ಹೇಗೆ ನೊಂದ್ಕೋಬೇಕು ಅಂತ. ನಾಳೆ ದೇಶ ಆಳೋರು ಇವರೇ, ನೆನಪಿರ್ಲಿ.”

ಹೆಸರು ಬರಲಿಲ್ಲ. ಒಂಬೈನೂರು ಜನರ ಕಾಲೇಜಿನಲ್ಲಿ ಬೇಕಾಗಲೂ ಇಲ್ಲ. ಕ್ಯೂನಲ್ಲಿ ಆ ಹುಡುಗಿಯ, ಕೊರಿನ್ ಆಶ್‌ಬಿಯ, ಹಿಂದೆ ನಿಂತು ಅರೆಬರೆ ಕೇಳಿಸಿಕೊಂಡವರಿದ್ದರು. ಮಧ್ಯಾಹ್ನದ ಹೊತ್ತಿಗೆ ಕೆಲವು ಹುಡುಗರು ‘ನಾನೂ ಚಿನ್ನ’ ಎಂದು ಬರೆದ ಚೀಟಿಯನ್ನು ಅಂಗಿಗೆ ಅಂಟಿಸಿಕೊಂಡು ಬಂದರು. ಹುಡುಗಿಯ ಪರ ನಿಂತ ಇನ್ನು ಕೆಲವರು ದೊಡ್ಡಮ್ಮನ ಮುಖ ನೋಡದೆ ಕಾರ್ಡು ಚಾಚಿದರು. ಏನಾಯಿತೆಂದು ಎರಡೂ ಕಡೆಯವರು ಕೇಳಲಿಲ್ಲ.

ಏನಾಗಿತ್ತೆಂದು ನನಗೆ ತಿಳಿದದ್ದು ಆರು ತಿಂಗಳಾದ ಮೇಲೆ, ಕೊರಿನ್ ಬಾಯಿಂದಲೇ. ಇದನ್ನು ಬರೆಯಲು ಅವಳೇ ಒಪ್ಪಿದ್ದಾಳೆ. ಅವಳು ಅಂದು ಮೆಲ್ಲಗೆ ಹೇಳಿದ್ದು ಇಷ್ಟು: “ನನ್ನನ್ನ ಚಿನ್ನ ಅಂತ ಕರೀಬೇಡಿ. ನಮ್ಮಮ್ಮ ಹಾಗೇ ಕರೀತಿದ್ರು. ಆಗಸ್ಟಲ್ಲಿ ತೀರ್ಕೊಂಡ್ರು. ಇಲ್ಲಿ ಯಾರಿಗೂ ಗೊತ್ತಿಲ್ಲ, ಹೇಳ್ಬೇಡಿ.” ದೊಡ್ಡಮ್ಮ ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದಳು.

ರೇಡಿಯೊದಲ್ಲಿ ಆ ಮಾತು ಬಂದ ದಿನ ಸಂಜೆ ದೊಡ್ಡಮ್ಮನನ್ನು ಮನೆಗೆ ಬಿಡಲು ಹೋದವಳು ನಾನೇ. ಕೋಟು ತೆಗೆಯದೆ ಅವಳು ಅಂದಳು, “ಅದನ್ನ ವಾಪಸ್ ತಗೋ ಮರ್ಲ್.”

“ಆ ಹುಡುಗಿ ಹಾಗೆ ಅನ್ಲಿಲ್ವಾ?”

“ಅಂದ್ಲು.”

“ಮತ್ತೆ? ಬೇರೆ ಕಾರಣ ಇದ್ರೆ ಹೇಳು, ಅದನ್ನೂ ರೇಡಿಯೊದಲ್ಲಿ ಹೇಳ್ತೀನಿ. ನಾನು ಮೋಸಗಾರ ಅಲ್ಲ.”

ಮೋಸಗಾರ ಅಲ್ಲ, ನಿಜ. ಖಂಡಿತ ಹೇಳುತ್ತಿದ್ದ, ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದ. ದೊಡ್ಡಮ್ಮ ಕೋಟಿನ ಗುಂಡಿಯನ್ನು ಬಿಚ್ಚಿ ಮತ್ತೆ ಹಾಕಿದಳು. ಮರುದಿನ ಕಾಲೇಜಿನ ಆಫೀಸಿನವರೂ ನಡೆದದ್ದನ್ನು ಬರೆದುಕೊಡು ಎಂದರು. ‘ಏನೂ ನಡೆದಿಲ್ಲ’ ಎಂದು ಬರೆದು ಸಹಿ ಹಾಕಿದಳು.

ಶುಕ್ರವಾರ ಕೊರಿನ್ ಮೆಸ್‌ಗೆ ಬಂದಳು. ನಾನು ಹಿಂದೆಯೇ ಇದ್ದೆ.

“ನೀವೇ ಹೇಳಿದ್ದಾ?”

“ಅರ್ಧ ಹೇಳಿದೆ. ಇನ್ನರ್ಧ ನನ್ನ ಹತ್ರಾನೇ ಇದೆ. ಇರುತ್ತೆ.”

ಹುಡುಗಿ ಕಾರ್ಡು ಚಾಚಿದಳು. ದೊಡ್ಡಮ್ಮ ಕನ್ನಡಕ ಮೇಲೆತ್ತಿ ಕಾರ್ಡು ಓದಿದಳು. “ಕೊರಿನ್ ಆಶ್‌ಬಿ. ಸೂಪ್ ಬಿಸಿ ಇದೆ.”

ಆಮೇಲೆ ನನ್ನ ಕಾರ್ಡು ತೆಗೆದುಕೊಂಡಳು. ನನ್ನ ಹೆಸರನ್ನೂ ಓದಿದಳು, ಪೂರ್ತಿಯಾಗಿ.

ಮುಂದಿನ ಮಂಗಳವಾರ ದೊಡ್ಡಪ್ಪ ಕುರ್ಚಿ ಎಳೆದುಕೊಳ್ಳುತ್ತಾ ಕೇಳಿದ, “ಏನು ಸಮಾಚಾರ ಕಾಲೇಜಲ್ಲಿ?”

“ಟೊಮೇಟೊ ಸೂಪು,” ಅಂದಳು ದೊಡ್ಡಮ್ಮ.