ದ್ಯಾಮವ್ವ, ಇಂಗ್ಲಿಷ್ ಪೇಪರ್ ಮತ್ತು ಹತ್ತು ಗಜ

“ಇಂಗ್ಲಿಷ್ ನಮ್ಮ ಮನಿತನದವರ ನಾಲಗಿಗಿ ಹತ್ತೂದಿಲ್ಲ ಕಸ್ತೂರಿ. ನೀ ಬಿ.ಎ. ಆಗೂದು ಆಗೂ ಮಾತಲ್ಲ. ಬಿಟ್ಟಬಿಡ.”

ಹೀಗೆಂದವನು ನನ್ನ ಸ್ವಂತ ಅಣ್ಣ ಈರಪ್ಪ. ಅಂದದ್ದು ರಾಮದುರ್ಗದ ಬಸ್ ಸ್ಟ್ಯಾಂಡಿನಲ್ಲಿ, ಸುರೇಬಾನದ ಬಸ್ಸಿಗೆ ಕಾಯುತ್ತ ನಿಂತಾಗ. ನಾನು ಇಂಗ್ಲಿಷ್ ಪೇಪರಿನಲ್ಲಿ ಎರಡನೇ ಸಲ ಫೇಲಾಗಿ ತವರಿಗೆ ಹೊರಟಿದ್ದೆ. ದಯವಿಟ್ಟು ಅವನ ಮೇಲೆ ಸಿಟ್ಟಾಗಬೇಡಿ. ನನ್ನ ಹತ್ತನೇ ತರಗತಿ ಪರೀಕ್ಷೆಯ ಅಷ್ಟೂ ದಿನ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗಿ ಬಿಟ್ಟು ಬಂದವನು ಅವನೇ. ತಾನು ನಾಲ್ಕನೇ ತರಗತಿಗೆ ಶಾಲೆ ಬಿಟ್ಟಿದ್ದ. ತಂಗಿ ದಣಿದಿದ್ದಾಳೆ ಎಂಬುದು ಅವನ ಕಣ್ಣಿಗೆ ಕಂಡಿತ್ತು, ಅಷ್ಟೆ.

ಆಗುವುದಿಲ್ಲ ಎಂದುಕೊಂಡ ಇನ್ನೊಬ್ಬಳೂ ಇದ್ದಳು. ಅವಳು ನಾನೇ. ಅದನ್ನು ಯಾರಿಗೂ ಹೇಳಿರಲಿಲ್ಲ.

ಈ ಅಂಕಣವನ್ನು ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು. ನಾನು ನೇಸರಗಿಯಲ್ಲಿ ಅಂಗನವಾಡಿ ಟೀಚರ್. ಹನ್ನೊಂದು ವರ್ಷವಾಯಿತು. ನಮ್ಮಲ್ಲಿ ಸೂಪರ್‌ವೈಸರ್ ಆಗಬೇಕೆಂದರೆ ಡಿಗ್ರಿ ಬೇಕು. ತವರಿನಲ್ಲೂ ಗಂಡನ ಮನೆಯಲ್ಲೂ ಡಿಗ್ರಿ ಎಂಬುದನ್ನು ಅಲ್ಲಿಯತನಕ ಯಾರೂ ಕಂಡಿರಲಿಲ್ಲ. ಮನೆಯಲ್ಲೇ ಓದಿ ಪರೀಕ್ಷೆಗೆ ಮಾತ್ರ ಹೋಗುವ ಎಕ್ಸ್‌ಟರ್ನಲ್ ಬಿ.ಎ.ಗೆ ಹೆಸರು ಹಚ್ಚಿದೆ. ಇತಿಹಾಸ ದಾಟಿತು. ಸಮಾಜಶಾಸ್ತ್ರ ದಾಟಿತು. ಇಂಗ್ಲಿಷ್ ಮಾತ್ರ ಕಾಲಿಗೆ ಸುತ್ತಿಕೊಂಡಿತು.

ಇಂಥ ಡಿಗ್ರಿಗೆ ಒಂದು ಗಡುವು ಇರುತ್ತದೆ. ಗಡುವು ಮುಗಿದರೆ ಪಾಸಾದ ಪೇಪರುಗಳೂ ಹೋದವು. ಮತ್ತೆ ಮೊದಲ ವರ್ಷದಿಂದ ಶುರು. ನನಗೆ ಉಳಿದದ್ದು ಇನ್ನೆರಡೇ ಸಲ.

ಕೆಲವರು ಕೇಳುತ್ತಾರೆ, ಅಷ್ಟೇನು ಕಷ್ಟ ಒಂದು ಪೇಪರು? ಬೆಳಿಗ್ಗೆ ಐದಕ್ಕೆ ಎದ್ದು ರೊಟ್ಟಿ ಬಡಿದು, ಎರಡು ಮಕ್ಕಳ ತಲೆ ಬಾಚಿ, ಅಂಗನವಾಡಿಯಲ್ಲಿ ಇನ್ನೂ ಮೂವತ್ತು ಮಕ್ಕಳ ಮೂಗು ಒರೆಸಿ, ಸಂಜೆ ಮನೆಗೆ ಬಂದು ಪುಸ್ತಕ ತೆರೆಯಿರಿ. ಅಕ್ಷರಗಳು ಇರುವೆಯ ಹಾಗೆ ಹರಿದಾಡುತ್ತವೆ. ಅವು ಇಂಗ್ಲಿಷ್ ಇರುವೆಗಳಾದರಂತೂ ಕೇಳಲೇಬೇಡಿ.

ಮೂರನೇ ಸಲಕ್ಕೆ ನಮ್ಮ ಅತ್ತೆ ನೀಲವ್ವ ಅಖಾಡಕ್ಕೆ ಇಳಿದರು.

ಅತ್ತೆಗೆ ಓದು ಬರಹ ಬಾರದು. ಆದರೆ ಸೊಸೆ ಸೂಪರ್‌ವೈಸರ್ ಆಗಿ ಊರೂರು ತಿರುಗುವುದನ್ನು ನೋಡಬೇಕೆಂಬ ಆಸೆ ನನಗಿಂತ ಅವರಿಗೇ ಹೆಚ್ಚು. ಒಂದು ಮಂಗಳವಾರ ಮುಂಜಾನೆ ಅಂದರು, “ನಡಿ, ದ್ಯಾಮವ್ವಗ ಹೂ ಕೇಳೂಣು.”

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ: ಹೂವಿನ ಎಸಳನ್ನು ನೀರಿನಲ್ಲಿ ತೋಯಿಸಿ ದೇವಿಯ ಮೈಮೇಲೆ ಅಂಟಿಸುತ್ತಾರೆ. ಮನಸ್ಸಿನ ಮಾತು ಕೇಳಿಕೊಳ್ಳುತ್ತಾರೆ. ಬಲಗಡೆಯ ಎಸಳು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಅಲ್ಲ. ಮದುವೆ, ಬೋರ್‌ವೆಲ್, ಎತ್ತಿನ ವ್ಯಾಪಾರ, ಎಲ್ಲದಕ್ಕೂ ಕೇಳುತ್ತಾರೆ. ಅತ್ತೆ ಕೇಳಲು ಹೊರಟಿದ್ದು, ಹನ್ನೆರಡು ಇಂಗ್ಲಿಷ್ ಪಾಠಗಳಲ್ಲಿ ಯಾವುದು ಪರೀಕ್ಷೆಗೆ ಬರುತ್ತದೆ ಎಂದು!

ಪೂಜಾರಿಯೇ ಬೆಚ್ಚಿದ. “ನೀಲವ್ವಾ, ಇಂಗ್ಲಿಷ್ ಹೆಸರು ತಾಯಿಗಿ ತಿಳೀಬೇಕಲ್ಲ?”

“ನಂಬರ್ ಹೇಳತೇವಪಾ. ಒಂದನೇ ಪಾಠ, ಎರಡನೇ ಪಾಠ. ನಂಬರ್ ತಿಳೀತಾವ ಅಕಿಗಿ.”

(ನೀವು ನಗುತ್ತಿದ್ದೀರಿ. ನಾನು ನಗಲಿಲ್ಲ. ಕೈ ಜೋಡಿಸಿ ನಿಂತಿದ್ದೆ. ಬಿ.ಎ. ಮೂರನೇ ವರ್ಷದ ವಿದ್ಯಾರ್ಥಿನಿ!)

ಒಂದೊಂದು ನಂಬರಿಗೂ ಹೊಸ ಎಸಳು. ಒಂದೂವರೆ ತಾಸು. ನಮ್ಮ ಹಿಂದೆ ನಿಂತಿದ್ದ ಮುದುಕನೊಬ್ಬ ಬೇಸತ್ತು ಹೊರಗೆ ಹೋಗಿ ಕೂತ. ಎರಡು, ಐದು, ಒಂಬತ್ತಕ್ಕೆ ಬಲ ಬಿತ್ತು. ಉಳಿದ ಒಂಬತ್ತೂ ಪಾಠಕ್ಕೆ ಎಡ.

ನನಗೆ ಎಷ್ಟು ಹಗುರವಾಯಿತೆಂದರೆ ಅವತ್ತು ಮಧ್ಯಾಹ್ನ ಅಂಗನವಾಡಿಯಲ್ಲಿ ಮಕ್ಕಳೊಂದಿಗೆ ನಾನೂ ನಿದ್ದೆ ಹೋದೆ. ಮೂರೇ ಪಾಠ! ಗೈಡಿನಲ್ಲಿದ್ದ ಉತ್ತರಗಳನ್ನು ಒಂದಕ್ಷರ ಬಿಡದೆ ಬಾಯಿಪಾಠ ಮಾಡಿದೆ. ಒಂದೊಂದು ವಾಕ್ಯ ನಾಲ್ಕು ಸಾಲು. ಅರ್ಥ? ಅದನ್ನು ಕೇಳಬೇಡಿ.

ಪರೀಕ್ಷೆಗೆ ಐದನೇ ಪಾಠ ಒಂದೇ ಬಂತು. ಅದರ ಉತ್ತರದಲ್ಲೂ ಎರಡನೇ ವಾಕ್ಯದ ನಡುವಿನ ಒಂದು ಶಬ್ದ ಮರೆತುಹೋಯಿತು. ಶಬ್ದದ ಹಿಂದೆ ವಾಕ್ಯ ಹೋಯಿತು, ವಾಕ್ಯದ ಹಿಂದೆ ಪುಟ. ಇಪ್ಪತ್ತೇಳು ಮಾರ್ಕು.

ಅತ್ತೆ ದೇವಿಯನ್ನು ಬಿಟ್ಟುಕೊಡಲಿಲ್ಲ. “ಅಕಿ ಆದರೂ ಎಷ್ಟಂತ ನೋಡ್ತಾಳ? ಊರಾಗ ಮಂದಿಗಿ ಬ್ಯಾನಿ ಬ್ಯಾಸರಕಿ ಕಡಿಮಿ ಅದಾವೇನು?”

ನನಗೆ ಸಿಟ್ಟೂ ಬರಲಿಲ್ಲ. ಸಿಟ್ಟಾಗಲಿಕ್ಕೂ ತ್ರಾಣ ಬೇಕು. ಅಸಲು ಹೇಳಬೇಕೆಂದರೆ, ನಂಬಲಿಕ್ಕೂ ಬೇಕು. ಕಷ್ಟದಲ್ಲಿ ದೇವರನ್ನು ನಂಬು ಎಂದು ಎಲ್ಲರೂ ಹೇಳುತ್ತಾರೆ. ನಂಬುವವರು ಎಷ್ಟು ದಣಿದಿದ್ದಾರೆ ಎಂದು ಯಾರು ಕೇಳುತ್ತಾರೆ?

ಕೊನೆಯ ಸಲದ ಫಾರ್ಮ್ ತುಂಬುವ ಹೊತ್ತಿಗೆ ಒಂದು ಸೋಮವಾರ ಬೆಳಿಗ್ಗೆ ಪಕ್ಕದ ಮನೆಗೆ ಹೋದೆ, ಡಿಕ್ಷನರಿ ಇದೆಯೇ ಎಂದು ಕೇಳಲು. ಪಕ್ಕದ ಮನೆಯ ದಸ್ತಗೀರ ಮಾಸ್ತರರು ಹೈಸ್ಕೂಲಿನ ಪಿ.ಟಿ. ಟೀಚರ್. ನಮ್ಮ ಓಣಿಯಲ್ಲಿ ಮೊದಲು ಕೇಬಲ್ ಹಾಕಿಸಿದವರು. ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಟಿ.ವಿ. ಮುಂದೆ ನಿಂತಿದ್ದರು. ಪರದೆಯ ಮೇಲೆ ಗೂಳಿಯಂಥ ಗಂಡಸರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು.

“ಇದೇನ್ರಿ ಮಾಸ್ತರ, ಹೆಲ್ಮೆಟ್ ಹಾಕ್ಕೊಂಡು ಜಗಳಾಡಾಕತ್ತಾರ?”

“ಜಗಳಲ್ಲ ತಂಗೀ, ಫುಟ್‌ಬಾಲ್. ಅಮೆರಿಕಾದ್ದು.”

“ಕೈಯಾಗ ಹಿಡಕೊಂಡಾರಲ್ರಿ ಚೆಂಡ?”

“ಅದನ್ನ ಅವರನ್ನ ಕೇಳಬೇಕು. ಕುಂಡ್ರು, ಡಿಕ್ಷನರಿ ಹುಡಿಕಿ ಕೊಡತೇನಿ.”

ಡಿಕ್ಷನರಿ ಸಿಗಲಿಲ್ಲ. ಅವರ ಹೆಂಡತಿ ಚಹಾ ಕೊಟ್ಟರು. ಮಾಸ್ತರರು ಬಾಯಿ ಮುಕ್ಕಳಿಸಿ ಬಂದು ಆಟ ವಿವರಿಸತೊಡಗಿದರು. ಯಾರಾದರೂ ಕೇಳುವವರು ಸಿಕ್ಕರೆ ಪಿ.ಟಿ. ಮಾಸ್ತರರು ಬಿಟ್ಟಾರೆಯೇ?

ಒಂದು ತಂಡಕ್ಕೆ ನಾಲ್ಕು ಅವಕಾಶವಂತೆ. ನಾಲ್ಕರೊಳಗೆ ಹತ್ತು ಗಜ ಮುಂದೆ ಸರಿಯಬೇಕು. ಸರಿದರೆ ಮತ್ತೆ ನಾಲ್ಕು ಅವಕಾಶ. ಇಲ್ಲವಾದರೆ ಚೆಂಡು ಎದುರಿನವರ ಕೈಗೆ. ಬರೀ ಹತ್ತು ಗಜವೇ? ನಮ್ಮ ಅಂಗನವಾಡಿಯ ಬಾಗಿಲಿನಿಂದ ಬೋರಿಂಗ್ ಪಂಪಿನತನಕ!

ನಾನು ನೋಡುತ್ತಿದ್ದಾಗ ಒಂದು ತಂಡದವನು ಚೆಂಡನ್ನು ಮೈದಾನದ ಆ ತುದಿಗೆ ಬೀಸಿ ಒಗೆದ. ಜನವೆಲ್ಲ ಎದ್ದು ನಿಂತಿತು. ಚೆಂಡು ಯಾರಿಗೂ ಸಿಗದೆ ನೆಲಕ್ಕೆ ಬಿತ್ತು. ಜನ ಕೂತಿತು.

“ಇಂವಗ ಬರೇ ದೂರ ಒಗಿಯೂ ಚಟ,” ಮಾಸ್ತರರು ತಲೆಯಾಡಿಸಿದರು. “ಈಗ ಆ ಕಡಿಯವರನ್ನ ನೋಡ. ಒಗಿಯಾಂವ ಮೂರ ಹೆಜ್ಜಿ ಹಿಂದ ಸರಿತಾನ, ಐದಾರು ಗಜದಾಗ ಚೆಂಡು ಕೊಡತಾನ. ಮತ್ತ ಐದು ಗಜ. ಮತ್ತ ನಾಕು. ನೋಡೂವರಿಗಿ ಬ್ಯಾಸರ. ಆದರ ಅವರೇ ಮುಂದ ಹೊಂಟಾರ.”

ಹೌದು. ಸದ್ದಿಲ್ಲದೆ ಅವರು ಅರ್ಧ ಮೈದಾನ ದಾಟಿದ್ದರು.

“ಇನ್ನೊಂದು ನೋಡ ತಂಗೀ. ಹಿಡಿಯಾಂವ ಇನ್ನೂ ಈ ಕಡೆ ಮಾರಿ ತಿರುಗಿಸಿರೂದಿಲ್ಲ. ಚೆಂಡು ಆಗಲೇ ಕೈ ಬಿಟ್ಟಿರತೈತಿ. ಅಂವ ಆ ಜಾಗಾಕ್ಕ ಬಂದ ಬರತಾನ ಅನ್ನೂ ನಂಬಿಗಿ ಮ್ಯಾಲ ಒಗೀತಾರ. ಹಿಡಿಯಾಂವಗೂ ನಂಬಿಗಿ ಬೇಕ. ತಿರುಗಿದಾಗ ಚೆಂಡು ಅಲ್ಲಿ ಇರತೈತಿ ಅಂತ. ಆದರ ಓಡಬೇಕಲ್ಲ? ನಿಂತಲ್ಲೇ ನಿಂತು ಕೈ ಚಾಚಿದ್ರ?”

ನಾನು ಚಹಾದ ಕಪ್ಪು ಹಿಡಿದುಕೊಂಡೇ ಕೂತೆ. ನಿಂತಲ್ಲೇ ನಿಂತು ಕೈ ಚಾಚಿದವಳು ಯಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು.

“ಮಾಸ್ತರ, ದೇವರನ್ನ ಕೇಳೂದು ತಪ್ಪೇನ್ರಿ?” ಅಂದೆ. ಯಾಕೆ ಕೇಳಿದೆನೋ.

ಅವರಿಗೆ ನಮ್ಮ ಹೂವಿನ ಕತೆ ಗೊತ್ತಿತ್ತು. ಇಡೀ ಊರಿಗೇ ಗೊತ್ತಿತ್ತು. ಆದರೂ ನಗಲಿಲ್ಲ. “ನಾ ದಿನಾ ಐದು ಹೊತ್ತು ನಮಾಜ ಮಾಡತೇನಿ ತಂಗೀ. ಒಮ್ಮೆ ಕುಂತು ವರ್ಷದ್ದೆಲ್ಲಾ ಮಾಡಿ ಮುಗಿಸಿಬಿಡತೇನಿ ಅಂದ್ರ ನಡೀತೈತೇನ? ಕೇಳೂದು ತಪ್ಪಲ್ಲ. ಹೊತ್ತಿಗಷ್ಟ ಕೇಳಬೇಕು.”

ಆ ವಾರವೇ ಅತ್ತೆ ಮತ್ತೆ ಹೂವಿನ ಬುಟ್ಟಿ ತೆಗೆದರು. ಈ ಸಲ ಪಾಠದ ನಂಬರಿನ ಜೊತೆಗೆ ಪದ್ಯದ ನಂಬರನ್ನೂ ಕೇಳುವ ಯೋಜನೆಯಿತ್ತು. ನಾನು ಬಾಗಿಲಲ್ಲಿ ನಿಂತೆ.

“ಬ್ಯಾಡ್ರಿ ಅತ್ತಿ.”

“ಯಾಕ? ದೇವರ ಮ್ಯಾಲ ನಂಬಿಗಿ ಹೋತೇನ ನಿನಗ? ನಾಕು ಅಕ್ಷರಾ ಕಲಿತು ಶಾಣ್ಯಾಕಿ ಆದಿ?”

“ನಂಬಿಗಿ ಐತ್ರಿ. ಅದಕ್ಕ ಕೇಳಬ್ಯಾಡ್ರಿ ಅಂತೇನಿ. ಹನ್ನೆರಡೂ ಪಾಠ ಓದತೇನಿ. ಯಾವುದು ಬಂದರೂ ಅಕಿ ಕೊಟ್ಟದ್ದಂತ ತಿಳೀತೇನಿ.”

“ಹನ್ನೆರಡು ಎಲ್ಲಿ ಆಗತಾವ ನಿನ್ನ ಕೈಲೆ? ನಿಂತಲ್ಲೇ ತೂಕಡಸ್ತಿ.”

“ದಿನಾ ಹತ್ತು ಸಾಲು ಓದತೇನ್ರಿ.”

ಎರಡು ದಿನ ಅತ್ತೆ ಮಾತು ಬಿಟ್ಟರು. ನನ್ನ ಗಂಡ ಮಹಾದೇವ ಟೆಂಪೊ ಓಡಿಸುವವರು; ಇಂಥ ಹವಾ ಬಂದಾಗ ಗಾಡಿ ತೊಳೆಯಲು ಹೋಗಿಬಿಡುತ್ತಾರೆ. ಮೂರನೇ ದಿನ ಮುಂಜಾನೆ ಎದ್ದು ನೋಡಿದರೆ ಒಲೆ ಆಗಲೇ ಹೊತ್ತಿತ್ತು. ಅತ್ತೆ ಹಿಟ್ಟು ನಾದುತ್ತಿದ್ದರು. ತಲೆ ಎತ್ತದೆಯೇ ಅಂದರು, “ಹೋಗು, ನಿನ್ನ ಹತ್ತು ಸಾಲು ನೋಡಿಕೋ. ರೊಟ್ಟಿ ನಾ ಬಡಿತೇನಿ.”

ಹಾಗೆ ನಡೆಯಿತು ಐದು ತಿಂಗಳು. ನೋಡುವವರಿಗೆ ಬೇಸರದ ಆಟ. ಹಾಲು ಉಕ್ಕುವ ತನಕ ನಾಲ್ಕು ಸಾಲು. ಮಕ್ಕಳು ಮಲಗಿದ ಮಧ್ಯಾಹ್ನ ಮೂರು ಸಾಲು. ಮೀಟಿಂಗಿಗೆಂದು ಬೈಲಹೊಂಗಲಕ್ಕೆ ಹೋಗುವ ಬಸ್ಸಿನಲ್ಲಿ ಸೀಟು ಸಿಕ್ಕರೆ ಉಳಿದದ್ದು. ಗೈಡನ್ನು ಮಡಚಿಟ್ಟೆ. ನಾಲ್ಕು ಸಾಲಿನ ಉದ್ದದ ವಾಕ್ಯ ಬೀಸಿ ಒಗೆಯುವುದು ಬೇಡ ಎಂದು ನಿಶ್ಚಯಿಸಿದೆ. ನನ್ನದೇ ಇಂಗ್ಲಿಷು, ನಾಲ್ಕು ಶಬ್ದಕ್ಕೊಂದು ಫುಲ್‌ಸ್ಟಾಪು. ನಾಲ್ಕು ಶಬ್ದದ ವಾಕ್ಯ ಬಿದ್ದರೂ ನಾಲ್ಕೇ ಶಬ್ದ ಬೀಳುತ್ತವೆ, ಪುಟವಲ್ಲ.

ಅತ್ತೆ ಮಂಗಳವಾರ ಗುಡಿಗೆ ಹೋಗುವುದನ್ನು ಬಿಡಲಿಲ್ಲ. ಎಸಳು ಅಂಟಿಸುವುದನ್ನು ಬಿಟ್ಟರು. ಕುಂಕುಮವಿಟ್ಟು ಒಂದೇ ಮಾತು, “ಇವತ್ತಿಂದು ಇವತ್ತ ನೋಡಿಕೋ ತಾಯಿ.” ಆಮೇಲೆ ಮನೆಗೆ ಬಂದು ನನ್ನ ತನಿಖೆ. ಅಷ್ಟರಲ್ಲಿ ಮಾಸ್ತರರ ಆಟದ ಕತೆ ಅವರ ಕಿವಿಗೂ ಬಿದ್ದಿತ್ತು.

“ಇವತ್ತಿನ ಹತ್ತು ಗಜ ಆತೇನ ಕಸ್ತೂರಿ?”

“ಎಂಟು ಆಗ್ಯಾವ್ರಿ.”

“ಎರಡು ಯಾರು, ನಿಮ್ಮಪ್ಪ ಬಂದು ಓದ್ತಾನ?”

ದಿನವೂ ಹತ್ತು ಆಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಮಗಳಿಗೆ ಜ್ವರ ಬಂದ ವಾರ ಒಂದೂ ಸಾಲು ಓದಲಿಲ್ಲ. ಪಲ್ಸ್ ಪೋಲಿಯೊ ಬಂದಾಗ ಮೂರು ದಿನ ಮನೆ ಮನೆ ತಿರುಗಿ ಕಾಲು ಊದಿದವು. ಪುಸ್ತಕ ಎದೆಯ ಮೇಲೆ ಬಿಚ್ಚಿಕೊಂಡೇ ಎಚ್ಚರವಾದ ಬೆಳಗುಗಳು ಬಹಳ. ಆಗೆಲ್ಲ ದ್ಯಾಮವ್ವನಿಗೆ ಒಂದೇ ಮಾತು ಹೇಳುತ್ತಿದ್ದೆ, ಇವತ್ತು ನನ್ನಿಂದ ಆಗಲಿಲ್ಲ, ನಾಳೆ ಎಬ್ಬಿಸು. ಎಬ್ಬಿಸುತ್ತಿದ್ದಳು. ಅದಕ್ಕಿಂತ ದೊಡ್ಡ ಪವಾಡ ನನಗೆ ಗೊತ್ತಿಲ್ಲ.

ಬೈಲಹೊಂಗಲದ ಪರೀಕ್ಷಾ ಹಾಲಿನಲ್ಲಿ ಪ್ರಶ್ನೆಪತ್ರಿಕೆ ತಿರುಗಿಸಿದೆ. ದೊಡ್ಡ ಪ್ರಶ್ನೆ ಬಂದದ್ದು ಒಬ್ಬ ಮುದುಕ ಮತ್ತು ಅವನ ಕುದುರೆಯ ಪಾಠದಿಂದ. ಮೂರನೇ ಪಾಠ. ದೇವಿ ಎಡ ಕೊಟ್ಟಿದ್ದ ಪಾಠ!

ಹೋದ ಸಲವಾಗಿದ್ದರೆ ಆ ಪುಟ ಖಾಲಿ. ಈ ಸಲ ಬರೆದೆ. ಹಿ ಹ್ಯಾಡ್ ಎ ಹಾರ್ಸ್. ದ ಹಾರ್ಸ್ ವಾಸ್ ಓಲ್ಡ್. ಹಿ ಲವ್ಡ್ ದ ಹಾರ್ಸ್. ಮೇವಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆಂದು ಏನು ಮಾಡಿದರೂ ನೆನಪಾಗಲಿಲ್ಲ. ನಿಲ್ಲಲಿಲ್ಲ. ಹಾರ್ಸ್ ಫುಡ್ ಎಂದು ಬರೆದು ಮುಂದೆ ಹೋದೆ. ಪಕ್ಕದ ಬೆಂಚಿನ ಹುಡುಗಿ ಸಪ್ಲಿಮೆಂಟ್ ಮೇಲೆ ಸಪ್ಲಿಮೆಂಟ್ ತೆಗೆದುಕೊಳ್ಳುತ್ತಿದ್ದಳು. ನಾನು ಒಂದೂ ಕೇಳಲಿಲ್ಲ. ಕೊನೆಯ ಗಂಟೆ ಹೊಡೆದಾಗ ಪಾಸೋ ಫೇಲೋ ತಿಳಿಯದೆ ಪೇಪರು ಕೊಟ್ಟು ಎದ್ದೆ. ಚೆಂಡು ಕೈ ಬಿಟ್ಟಿತ್ತು. ಅಲ್ಲಿ ಯಾರಾದರೂ ಇದ್ದಾರೆಯೇ ಎಂದು ಹಿಂತಿರುಗಿ ನೋಡುವಷ್ಟೂ ಕಸುವು ಉಳಿದಿರಲಿಲ್ಲ.

ಮೂವತ್ತೆಂಟು ಮಾರ್ಕು ಬಂತು. ಮೂವತ್ತೈದು ಸಾಕಿತ್ತು.

ಕುಣಿದಾಡಿದೆಯಾ ಎಂದು ನನ್ನ ಸಹೋದ್ಯೋಗಿಗಳು ಕೇಳಿದರು. ಇಲ್ಲ. ಮನೆಗೆ ಬಂದು ಹಾಸಿಗೆ ಬಿಚ್ಚಿ ಹಗಲೇ ಮಲಗಿದೆ. ಅತ್ತೆ ಯಾರನ್ನೂ ಒಳಗೆ ಬಿಡಲಿಲ್ಲವಂತೆ. ಇಷ್ಟು ವರ್ಷದ ನಿದ್ದೆ ಬಾಕಿ ಇರುವವರಿಗೆ ಖುಷಿ ಎರಡನೇ ದಿನ ಬರುತ್ತದೆ.

ಕಳೆದ ವಾರ ಸರ್ಟಿಫಿಕೇಟ್ ತರಲು ಬೈಲಹೊಂಗಲದ ಕಾಲೇಜಿಗೆ ಹೋದೆ. ಅತ್ತೆ ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ಉಟ್ಟು ನನಗಿಂತ ಮೊದಲು ಬಸ್ ಸ್ಟಾಪಿನಲ್ಲಿ ನಿಂತಿದ್ದರು. ಆಫೀಸಿನ ಗುಮಾಸ್ತ ರಿಜಿಸ್ಟರಿನಲ್ಲಿ ಸಹಿ ಮಾಡಿಸಿಕೊಂಡು ಕಿಟಕಿಯಿಂದ ಸರ್ಟಿಫಿಕೇಟ್ ಕೊಟ್ಟ. ನಾನು ಅದನ್ನು ಅತ್ತೆಯ ಕೈಗಿಟ್ಟೆ. ಅವರು ಸೆರಗಿನಿಂದ ಕೈ ಒರೆಸಿಕೊಂಡೇ ಹಿಡಿದರು.

“ಏನ ಬರದಾರ ಇದರಾಗ? ಜೋರಲೆ ಓದ.”

ಗುಮಾಸ್ತನಿಗೂ ಕೇಳಿಸುವಂತೆ ಓದಿದೆ, “ಕಸ್ತೂರಿ ಮಹಾದೇವ ಹೊಸಮನಿ, ಬ್ಯಾಚುಲರ್ ಆಫ್ ಆರ್ಟ್ಸ್.”

ಅತ್ತೆ ಹುಬ್ಬು ಗಂಟಿಕ್ಕಿದರು. ಕಾಗದದ ಮೇಲೊಮ್ಮೆ, ಕಿಟಕಿಯೊಳಗಿನ ಗುಮಾಸ್ತನ ಮೇಲೊಮ್ಮೆ ಕಣ್ಣು ಹಾಯಿಸಿದರು.

“ನಡುವ ನನ್ನ ಮಗಾ ಯಾಕ ಬಂದ? ಅಂವ ಯಾವ ಪೇಪರ್ ಬರದಿದ್ದ?”