ರೈನೊ ಲಾಹ್ತೆಲನ ಮಂಡಿಗಳು

ಸುಪೀರಿಯರ್ ಸರೋವರದ ದಂಡೆಯ ನಮ್ಮ ಥಂಡರ್ ಬೇ ಊರಿನಲ್ಲಿ ಚಳಿ ಹಿಡಿಯುತ್ತಿದ್ದಂತೆ ಜನ ಕಾರಿಗೆ ಹಿಮದಲ್ಲಿ ಜಾರದ ಟೈರು ಹಾಕಿಸುತ್ತಾರೆ, ಆಮೇಲೆ ರೈನೊ ಲಾಹ್ತೆಲನನ್ನು ಮನೆಗೆ ಕರೆಸುತ್ತಾರೆ. ಕೆಲಸಕ್ಕಿದ್ದ ಕಾಗದದ ಕಾರ್ಖಾನೆ ಮುಚ್ಚಿದ ವರ್ಷ ಅವನು ಒಂದು ಥರ್ಮಲ್ ಕ್ಯಾಮೆರಾ ಕೊಂಡಿದ್ದ. ಅದು ನೋಡುವುದು ಬೆಳಕನ್ನಲ್ಲ, ಬಿಸಿಯನ್ನು. ಬೆಚ್ಚಗಿರುವುದು ಅದರ ಪರದೆಯ ಮೇಲೆ ಹಳದಿ, ಕಿತ್ತಳೆ, ತಣ್ಣಗಿರುವುದು ನೀಲಿ, ನಡುವಿನದು ಹಸಿರು. ಗೋಡೆಯ ಯಾವ ಸಂದಿಯಲ್ಲಿ ಚಳಿಗಾಳಿ ನುಗ್ಗುತ್ತಿದೆ, ಯಾವ ಕಿಟಕಿಯಿಂದ ಮನೆಯ ಬಿಸಿ ಸೋರುತ್ತಿದೆ ಎಂದು ತೋರಿಸುವುದೇ ಅವನ ಕಸುಬು.

ಶಾಲೆಯಲ್ಲಿ ಅವನೂ ನಾನೂ ಒಂದೇ ತರಗತಿ. ನಮ್ಮ ಮನೆಗೆ ಬಂದಾಗ ಹೊರಗೊಂದು ಸುತ್ತು ಹಾಕಿ ಬಂದು ಹೇಳಿದ್ದ: "ಲೊರೆಟ್ಟಾ, ನೀನು ಮನೇನ ಕಾಯಿಸ್ತಾ ಇಲ್ಲ ಕಣೆ, ಇಡೀ ಬೀದೀನೇ ಕಾಯಿಸ್ತಾ ಇದೀಯ. ಊರಿನ ಅಳಿಲೆಲ್ಲ ನಿನ್ನ ಗೋಡೆಗೆ ಬೆನ್ನು ಕೊಟ್ಟು ಕೂತಿರ್ತಾವೆ, ಹೋಗಿ ನೋಡು."

ಊರಿನ ಮನೆಗಳ ಕಾಯಿಲೆಯನ್ನೆಲ್ಲ ಪತ್ತೆಹಚ್ಚುತ್ತಿದ್ದವನು ತನ್ನ ಮೈಯ ಮಾತನ್ನು ಮಾತ್ರ ಕೇಳುತ್ತಿರಲಿಲ್ಲ. ಕಳೆದ ಫೆಬ್ರವರಿಯಲ್ಲಿ ಸೊಂಟದ ಮೇಲೆ ನೋವು ಬಂತು. ಸೌನಾದ ಬಿಸಿ ಕೋಣೆಯಲ್ಲಿ ಕೂತು ಬೆವರಿದರೆ ಹೋದೀತು ಎಂದು ಸುಮ್ಮನಿದ್ದ. ಜ್ವರ ಬಂತು, ಅದನ್ನೂ ಸೌನಾದ ಲೆಕ್ಕಕ್ಕೆ ಹಾಕಿದ. ಕೊನೆಗೆ ಯಾರದೋ ಮನೆಯ ನೆಲಮಾಳಿಗೆಯಲ್ಲಿ ಕ್ಯಾಮೆರಾ ಹಿಡಿದುಕೊಂಡೇ ಕುಸಿದುಬಿದ್ದ. ಮೂತ್ರಪಿಂಡದ ಕಲ್ಲು ಅಡ್ಡ ಸಿಕ್ಕಿಕೊಂಡು, ಅದರ ಹಿಂದೆ ಕೀವು ಕಟ್ಟಿ, ನಂಜು ರಕ್ತಕ್ಕೆ ಏರಿತ್ತು.

ಮಾರನೆಯ ಬೆಳಿಗ್ಗೆ ನಾನು ಐಸಿಯು ಪಾಳಿಗೆ ಹೋದರೆ ಕಿಟಕಿ ಪಕ್ಕದ ಹಾಸಿಗೆಯಲ್ಲಿ ಇವನೇ! ಬಾಯಲ್ಲಿ ಉಸಿರಾಟದ ಕೊಳವೆ, ಎರಡೂ ಕೈಗೆ ಸೂಜಿ. ಕೀವು ಹರಿದುಹೋಗಲು ಶಸ್ತ್ರವೈದ್ಯರು ಆಗಲೇ ಕೊಳವೆ ಹಾಕಿದ್ದರು. ಮೂವತ್ತು ವರ್ಷದಿಂದ ನರ್ಸು ನಾನು, ಆದರೂ ಚಾರ್ಟಿನ ಮೇಲಿನ ಹೆಸರನ್ನು ಎರಡು ಸಲ ಓದಿದೆ. ಶಾಲೆಯ ಬಸ್ಸಿನಲ್ಲಿ ನನ್ನ ಟೋಪಿ ಕಿತ್ತುಕೊಂಡು ಓಡುತ್ತಿದ್ದ ಮುಖ ಅದು.

ನಮ್ಮ ಡಾಕ್ಟರ್ ನೊಯೆಮಿ ಜರ್ವೆ ಆ ಚಳಿಗಾಲದಲ್ಲಿ ಒಂದು ಅಧ್ಯಯನ ನಡೆಸುತ್ತಿದ್ದಳು. ರಕ್ತದ ಹರಿವು ಕಡಿಮೆಯಾದಾಗ ದೇಹ ಮೊದಲು ಹೃದಯವನ್ನೂ ಮೆದುಳನ್ನೂ ನೋಡಿಕೊಳ್ಳುತ್ತದೆ, ಚರ್ಮವನ್ನು ಕೈಬಿಡುತ್ತದೆ. ಹಾಗಾದಾಗ ಮಂಡಿ ಬೇಗ ತಣ್ಣಗಾಗುತ್ತದೆ. ಅದನ್ನು ಥರ್ಮಲ್ ಕ್ಯಾಮೆರಾದಲ್ಲಿ ಹಿಡಿದರೆ ರಕ್ತ ಎಲ್ಲಿಗೆ ಮುಟ್ಟುತ್ತಿದೆ, ಎಲ್ಲಿಗೆ ಇಲ್ಲ ಎಂಬುದರ ಸುಳಿವು ಸಿಗುತ್ತದೆಯೇ ಎಂಬುದು ಅವಳ ಪ್ರಶ್ನೆ.

ಅವಳು ಕ್ಯಾಮೆರಾ ತೆಗೆದಾಗ ರೈನೊನ ಹೆಂಡತಿ ಡಾರ್ಲೀನ್ ಹಾಸಿಗೆಯ ಪಕ್ಕದಲ್ಲೇ ಇದ್ದಳು. ಅತ್ತೂ ಅತ್ತೂ ಕಣ್ಣು ಊದಿಕೊಂಡಿದ್ದವು.

"ಅಯ್ಯೋ, ಇದು ನಮ್ಮನೆಯವರ ಕ್ಯಾಮೆರಾ ಇದ್ದ ಹಾಗೇ ಇದೆಯಲ್ಲ! ಗೋಡೆ ಎಲ್ಲಾದ್ರೂ ಸೋರ್ತಾ ಇದೆಯಾ?"

"ಗೋಡೆಗಲ್ಲ, ಇವರ ಮಂಡಿಗೆ," ಎಂದಳು ಜರ್ವೆ. "ನೀವು ಒಪ್ಪಿದ್ರೆ ಮಾತ್ರ ತೆಗಿತೀನಿ."

"ತೆಗಿಯಮ್ಮ, ಧಾರಾಳವಾಗಿ ತೆಗಿ. ಬೇಸಿಗೇಲೂ ಉದ್ದ ಪ್ಯಾಂಟು ಬಿಡದ ಗಂಡಸು ಇವನು. ಎದ್ದಮೇಲೆ ನಾನು ಒಪ್ಪಿದ್ದೆ ಅಂತ ಮಾತ್ರ ಹೇಳ್ಬೇಡಿ," ಎಂದು ಡಾರ್ಲೀನ್ ಅಳುವಿನ ನಡುವೆಯೇ ನಕ್ಕಳು.

ಹೊದಿಕೆ ಸರಿಸಿ, ಚರ್ಮ ಕೋಣೆಯ ಗಾಳಿಗೆ ಹೊಂದಿಕೊಳ್ಳುವವರೆಗೆ ಕಾದು, ಚಿತ್ರ ತೆಗೆದೆವು. ತೊಡೆ ಹಳದಿಯಾಗಿತ್ತು. ಮಂಡಿಗಳೆರಡೂ ಕಡುನೀಲಿ, ಚಳಿಗಾಲದ ಸುಪೀರಿಯರ್ ಸರೋವರದ ಹಾಗೆ.

ವಿಚಿತ್ರವೆಂದರೆ ಮಾನಿಟರಿನಲ್ಲಿ ರಕ್ತದೊತ್ತಡ ಚೆನ್ನಾಗಿಯೇ ಇತ್ತು. ಔಷಧಿ ಅದನ್ನು ಎತ್ತಿ ಹಿಡಿದಿತ್ತು. ಚಿತ್ರವೊಂದನ್ನೇ ನಂಬಿ ಜರ್ವೆ ಏನೂ ಮಾಡಲಿಲ್ಲ. ಆದರೆ ಅದು ಅವಳನ್ನು ಸುಮ್ಮನಿರಲೂ ಬಿಡಲಿಲ್ಲ. ಮೂತ್ರ ಕಡಿಮೆ ಬರುತ್ತಿತ್ತು. ಉಗುರು ಒತ್ತಿ ಬಿಟ್ಟರೆ ಕೆಂಪು ಬಣ್ಣ ಮರಳಲು ತಡವಾಗುತ್ತಿತ್ತು. ಅವಳು ಎದೆಯ ಮೇಲೆ ಸ್ಕ್ಯಾನ್ ಮಾಡಿ ನೋಡಿದಾಗ ಗೊತ್ತಾಯಿತು: ನಂಜಿನ ಹೊಡೆತಕ್ಕೆ ಹೃದಯವೇ ಸೋತಿತ್ತು. ಇನ್ನಷ್ಟು ಸಲೈನ್ ಹಾಕುವುದನ್ನು ನಿಲ್ಲಿಸಿ, ಹೃದಯಕ್ಕೆ ಬಲ ಕೊಡುವ ಔಷಧಿ ಶುರು ಮಾಡಿದಳು.

ಮಧ್ಯಾಹ್ನದ ಚಿತ್ರದಲ್ಲಿ ನೀಲಿಯ ಅಂಚು ಸ್ವಲ್ಪ ಸವೆದಿತ್ತು. ಸಂಜೆಯ ಚಿತ್ರದಲ್ಲಿ ಮಂಡಿಚಿಪ್ಪಿನ ಸುತ್ತ ಹಸಿರು ಬಂದು, ಅದರಾಚೆ ಹಳದಿ ಹರಡಿತ್ತು. ಡಾರ್ಲೀನ್ ಪರದೆ ನೋಡಿ ನನ್ನ ತೋಳು ಹಿಡಿದುಕೊಂಡಳು.

"ಬೆಚ್ಚಗಾಗ್ತಾ ಇದಾನೆ ಅಲ್ವೇನೆ, ಲೊರೆಟ್ಟಾ?"

"ಬೆಚ್ಚಗಾಗ್ತಾ ಇದಾನೆ. ಮೂತ್ರಾನೂ ಬರ್ತಾ ಇದೆ. ಈಗ ಹೋಗಿ ಏನಾದ್ರೂ ತಿನ್ನು."

ಬಾಯಿಯ ಕೊಳವೆ ತೆಗೆದ ದಿನ ರೈನೊನ ಗಂಟಲು ಹರಿದ ತಮಟೆಯಂತಿತ್ತು. ಜರ್ವೆ ಮತ್ತೆ ಕ್ಯಾಮೆರಾ ತಂದಳು. ಅವನು ಒಂದು ಕಣ್ಣು ತೆರೆದು ನೋಡಿ, "ಓರೆ ಹಿಡಿದಿದೀಯಲ್ಲಮ್ಮ, ನೇರ ಹಿಡಿ," ಎಂದ. ಬದುಕಿ ಬಂದವನ ಮೊದಲ ಮಾತು ಅದು.

ಆಮೇಲೆ ಇಬ್ಬರಿಗೂ ವಾದ ಹತ್ತಿತು. ಪ್ರತಿ ಸಲವೂ ಒಂದೇ ದೂರದಲ್ಲಿ ನಿಲ್ಲಲು ನೆಲಕ್ಕೆ ಟೇಪು ಅಂಟಿಸು ಎಂದ ಅವನು. ಒಳ್ಳೆಯ ಮಾತು ಎಂದು ಅವಳು ಅಂಟಿಸಿದಳು. ಅದರಿಂದ ಅವನಿಗೆ ಧೈರ್ಯ ಬಂತು.

"ಇನ್ನೇನು, ಮಂಡಿ ಹಳದಿ ಕಂಡ್ರೆ ರೋಗಿ ಗಟ್ಟಿ. ಹೌದು ತಾನೆ?"

"ಅಲ್ಲ ಸ್ವಾಮಿ," ಎಂದಳು ಜರ್ವೆ. "ಕೆಲವರಿಗೆ ನಂಜೇರಿದಾಗ ಚರ್ಮ ಬೆಚ್ಚಗೇ ಇರುತ್ತೆ, ಒಳಗೆ ಎಲ್ಲಾ ಕೆಟ್ಟಿರುತ್ತೆ. ಗೋಡೆಗೆ ಅಂಥ ಕಪಟ ಗೊತ್ತಿಲ್ಲ."

"ನಮ್ಮ ಭಾವಮೈದನ ಮನೆ ನೀನು ನೋಡಿಲ್ಲ," ಎಂದ ರೈನೊ. ಇಡೀ ಐಸಿಯು ನಕ್ಕಿತು.

ಮನೆಗೆ ಹೋದಮೇಲೆ ನಗು ಅಷ್ಟು ಸುಲಭವಾಗಿ ಬರಲಿಲ್ಲ. ಕಾಲಲ್ಲಿ ಶಕ್ತಿಯಿರಲಿಲ್ಲ. ಏಣಿಯ ಎರಡನೇ ಮೆಟ್ಟಿಲಿಗೇ ಉಸಿರು ಕಟ್ಟುತ್ತಿತ್ತು. ವಸಂತದ ತುಂಬ ಅವನು ಕಿಟಕಿಯ ಬಳಿ ಕೂತು, ಯಾರ ಫೋನೂ ಎತ್ತದೆ ಕಳೆದ. ಡಾರ್ಲೀನ್ ಹೇಳಿದ್ದರಿಂದ ನಾನೇ ಹೋಗಿ ಕೇಳಿದೆ: ಹೊಸ ನರ್ಸುಗಳಿಗೆ ಕ್ಯಾಮೆರಾ ಹಿಡಿಯುವುದು ಕಲಿಸಬೇಕಿದೆ, ಎರಡು ಮಂಡಿ ಬೇಕಾಗಿವೆ.

"ಚಡ್ಡಿ ಹಾಕ್ಕೊಂಡಾ? ಎಲ್ಲರ ಮುಂದೆನಾ?"

"ಸೌನಾದಲ್ಲಿ ಅದೂ ಇಲ್ಲದೆ ಕೂತಿರ್ತೀಯಲ್ಲೋ!"

"ಅಲ್ಲಿಗೆ ಯಾರೂ ಕ್ಯಾಮೆರಾ ತರಲ್ಲ ಕಣೆ."

ಆದರೂ ಬಂದ. ಡಾರ್ಲೀನ್ ಕೊಂಡುಕೊಟ್ಟ ಹೂವಿನ ಚಡ್ಡಿ ಹಾಕಿಕೊಂಡು, ಕಿವಿ ಕೆಂಪಗೆ ಮಾಡಿಕೊಂಡು ಬಂದ. ಮಂಡಿಯ ಮೇಲೆ ಐಸಿನ ಚೀಲ ಇಟ್ಟುಕೊಂಡು, ತೆಗೆದು, ನೀಲಿ ಹೇಗೆ ಮೆಲ್ಲಗೆ ಹಳದಿಗೆ ತಿರುಗುತ್ತದೆಂದು ತೋರಿಸಿದ. "ನೋಡ್ರಮ್ಮ, ಆತುರ ಪಡಬೇಡಿ, ಬಂದೇ ಬರುತ್ತೆ," ಎಂದು ಹಾಕಿ ಪಂದ್ಯದ ವೀಕ್ಷಕ ವಿವರಣೆಯಂತೆ ಬಿಡದೆ ಹೇಳುತ್ತಿದ್ದ. ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಲಿತರು ಕೂಡ.

ಅಕ್ಟೋಬರಿನಲ್ಲಿ ಮತ್ತೆ ಕಸುಬು ಶುರುವಾಯಿತು, ಒಂದೇ ಬದಲಾವಣೆಯೊಂದಿಗೆ: ಏಣಿ ಹತ್ತುವವಳು ಈಗ ಡಾರ್ಲೀನ್. ಅವನು ಕೆಳಗೆ ಮಡಿಚುವ ಕುರ್ಚಿಯಲ್ಲಿ ಕೂತು, ಗುಲಾಬಿ ಬಣ್ಣದ ಸಕ್ಕರೆ ಬಳಿದ, ನಮ್ಮೂರಲ್ಲಿ ಪರ್ಶಿಯನ್ ಎನ್ನುವ ಬನ್ನು ತಿನ್ನುತ್ತ ಅಪ್ಪಣೆ ಕೊಡುತ್ತಾನೆ. ಮೊನ್ನೆ ನಮ್ಮ ಪಕ್ಕದ ಮನೆಗೆ ಬಂದಿದ್ದರು. ಬೇಲಿಯಾಚೆಯಿಂದ ಎಲ್ಲ ಕೇಳುತ್ತಿತ್ತು.

"ಎಡಕ್ಕೆ, ಡಾರ್ಲೀನ್. ಇನ್ನೂ ಎಡಕ್ಕೆ. ಅಲ್ಲೇ ಸೋರ್ತಾ ಇದೆ."

"ಸೋರೋದು ನಿನ್ನ ಬಾಯಿ. ಆ ಬನ್ನು ನನಗೂ ಒಂದು ಉಳಿಸು."